ಎರಡು ಜೋಡಿ ಸ್ಪೀಕರ್, ಒಂದು ಜೋಡಿ ಕಿವಿ

ನನ್ನ ಕಿವಿಗಳ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ. ಕಣ್ಣಿಗೆ ಕನ್ನಡಕ ಬಂದಿದೆ, ಮಂಡಿಗೆ ನೋವು ಬಂದಿದೆ, ತಲೆಯ ಮೇಲಿನ ಕೂದಲು ಯಾವಾಗಲೋ ಹೇಳದೆ ಕೇಳದೆ ಹೊರಟುಹೋಗಿದೆ. ಕಿವಿ ಮಾತ್ರ ಗಟ್ಟಿ! ಶಿಕಾರಿಪುರ ತಾಲ್ಲೂಕಿನಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು ನಾನು. ಎಮ್ಮೆಯ ಪಕ್ಕೆಗೆ ಸ್ಟೆತಾಸ್ಕೋಪ್ ಒತ್ತಿ, ಅದರ ಹೊಟ್ಟೆಯ ಯಾವ ಕೋಣೆಯಲ್ಲಿ ಹುಲ್ಲಿದೆ, ಯಾವ ಕೋಣೆಯಲ್ಲಿ ಪ್ಲಾಸ್ಟಿಕ್ ಚೀಲವಿದೆ ಎಂದು ಹೇಳಬಲ್ಲ ಕಿವಿ ಇದು. ಇಂಥ ಕಿವಿಗೆ ಎರಡು ಜೋಡಿ ಸ್ಪೀಕರುಗಳಲ್ಲಿ ಯಾವುದು ಉತ್ತಮ ಎಂದು ಹೇಳುವುದು ಎಷ್ಟರ ಕೆಲಸ?

ಹೀಗೆಂದು ನನ್ನ ಹೆಂಡತಿ ಶೈಲಾಳಿಗೆ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ.

"ಹಂಗಾರೆ ಬೇಗ ಹೇಳಿ ಮುಗಿಸ್ರಿ. ಮನೇಲಿ ಒಂದು ಹಾಡು ಕೇಳದೆ ಎಷ್ಟು ದಿನ ಆತು!" ಅಂದಳು.

ಅವಳ ಅವಸರಕ್ಕೆ ಕಾರಣವಿತ್ತು. ಸಂಜೆ ಚಹಾ ಮುಗಿಸಿ ಒಂದಿಷ್ಟು ಹೊತ್ತು ಹಿಂದೂಸ್ತಾನಿ ಸಂಗೀತ ಕೇಳುವುದು ನಮ್ಮ ಮನೆಯ ಪದ್ಧತಿ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ವಾದವಿವಾದವಿಲ್ಲದ ಏಕೈಕ ಹೊತ್ತು ಅದು. ಒಂದು ಸಂಜೆ ಪೂರಿಯಾ ರಾಗದ ಆಲಾಪದ ನಡುವೆ ನಮ್ಮ ಹಳೆಯ ಸ್ಪೀಕರು 'ಗೊರ್ರ್' ಎಂದು ಕೆಮ್ಮಿ ಪ್ರಾಣಬಿಟ್ಟಿತು. ಅಂದಿನಿಂದ ಆ ಹೊತ್ತಿನಲ್ಲಿ ನಾವು ಟೀವಿಯಲ್ಲಿ ಚರ್ಚೆ ನೋಡತೊಡಗಿದೆವು. ಟೀವಿಯವರ ಜಗಳ ಮುಗಿಯುತ್ತಲೇ ನಮ್ಮದು ಶುರುವಾಗುತ್ತಿತ್ತು. ಒಟ್ಟಿನಲ್ಲಿ ಒಳ್ಳೆಯ ಸ್ಪೀಕರು ತರುವುದು ನಮ್ಮ ದಾಂಪತ್ಯದ ಹಿತದೃಷ್ಟಿಯಿಂದ ಅತ್ಯಗತ್ಯವಾಗಿತ್ತು.

"ಜೀವನದಾಗೆ ಒಂದ್ಸಲ ಒಳ್ಳೇದು ತಗೊಳ್ಳಣ," ಎಂದು ಶೈಲಾ ತಾನೇ ಅನುಮತಿ ಕೊಟ್ಟಳು. ಅನುಮತಿ ಕೊಟ್ಟದ್ದೇ ಅವಳ ತಪ್ಪು!

ನಾನು ಅಧ್ಯಯನಕ್ಕೆ ಕುಳಿತೆ. ಮೊಬೈಲಿನಲ್ಲಿ ದೇಶವಿದೇಶದ ಪಂಡಿತರು ಬರೆದದ್ದನ್ನೆಲ್ಲ ಓದಿದೆ. ಕೆಲವರು ಒಂದು ಸ್ಪೀಕರಿನ ಸದ್ದನ್ನು 'ಬೆಚ್ಚಗಿದೆ' ಅಂದರು, ಕೆಲವರು 'ತಣ್ಣಗಿದೆ' ಅಂದರು. ಒಬ್ಬರು 'ಗಾಯಕನ ಹಿಂದೆ ಗೋಡೆ ಎಷ್ಟು ದೂರವಿದೆ ಎಂಬುದೂ ಕೇಳಿಸುತ್ತದೆ' ಎಂದು ಬರೆದಿದ್ದರು. ಗೋಡೆ ಕೇಳಿಸುತ್ತದೆ! ನನಗೆ ರೋಮಾಂಚನವಾಯಿತು. ತಿಂಗಳುಗಟ್ಟಲೆ ಓದಿ, ಜಗತ್ತಿನ ಸಮಸ್ತ ಸ್ಪೀಕರುಗಳನ್ನು ಜಾಲಿಸಿ, ಕೊನೆಗೆ ಎರಡು ಜೋಡಿ ಉಳಿಸಿಕೊಂಡೆ. ಎರಡೂ ಪರದೇಶದವು. ಅವುಗಳ ಹೆಸರು ಹೇಳಲು ಶೈಲಾಳ ನಾಲಿಗೆ ಹೊರಳಲಿಲ್ಲ. ಹಾಗಾಗಿ ನನ್ನ ವೃತ್ತಿಧರ್ಮಕ್ಕನುಗುಣವಾಗಿ ನಾನೇ ನಾಮಕರಣ ಮಾಡಿದೆ. ಎದೆಮಟ್ಟಕ್ಕೆ ಬರುವ, ನೆಲದ ಮೇಲೆ ಕಂಬದಂತೆ ನಿಲ್ಲುವ ಜೋಡಿಗೆ 'ಅಮೃತಮಹಲ್' ಎಂದು. ಮೊಳದುದ್ದವಿದ್ದು ಸ್ಟ್ಯಾಂಡಿನ ಮೇಲೆ ಕೂರುವ ಜೋಡಿಗೆ 'ಮಲೆನಾಡ ಗಿಡ್ಡ' ಎಂದು. ಮೊದಲನೆಯದು ಉದ್ದ ಕೋಡಿನ, ರಾಜಗಾಂಭೀರ್ಯದ ದನದ ತಳಿ. ಎರಡನೆಯದು ನೋಡಲು ಪುಟ್ಟದು, ಆದರೆ ಅದರ ಹಾಲಿನ ರುಚಿ ಬಲ್ಲವರೇ ಬಲ್ಲರು.

ಮಲೆನಾಡ ಗಿಡ್ಡ ಶಿವಮೊಗ್ಗದ ಒಂದು ಅಂಗಡಿಯಲ್ಲಿತ್ತು. ನಾನು ಅಲ್ಲಿಗೆ ಅಷ್ಟು ಸಲ ಹೋಗಿದ್ದೆನೆಂದರೆ ಅಂಗಡಿಯವರಿಗೆ ಕೊನೆಗೆ ಕರುಣೆ ಬಂತು. "ಡಾಕ್ಟ್ರೇ, ಶನಿವಾರ ಮನೆಗೆ ತಗೊಂಡ್ಹೋಗಿ, ಕೇಳಿ, ಸೋಮವಾರ ತಂದುಕೊಡಿ. ಒಂದು ಗೀರೂ ಬೀಳಬಾರದು," ಎಂದು ಜೋಡಿಯನ್ನೇ ಕೈಗೆ ಕೊಟ್ಟರು. ಎಂಥ ವಿಶ್ವಾಸ! ನನ್ನ ಮುಖ ನೋಡಿ ಇಷ್ಟು ನಂಬಿದವರು ಇಲ್ಲಿಯತನಕ ದನಗಳು ಮಾತ್ರ.

ಶನಿವಾರ ಮಧ್ಯಾಹ್ನ ಅವನ್ನು ಹಾಲ್‌ನಲ್ಲಿ ಸ್ಥಾಪಿಸಿದೆ. ಶಾಸ್ತ್ರದ ಪ್ರಕಾರ ಎರಡು ಸ್ಪೀಕರು ಮತ್ತು ಕೇಳುವವನ ತಲೆ ಸೇರಿ ಸಮಭುಜ ತ್ರಿಕೋನ ಆಗಬೇಕು. ನಮ್ಮ ಹಾಲ್‌ನಲ್ಲಿ ಆ ತ್ರಿಕೋನ ಮಾಡಲು ಹೋದಾಗ ಸೋಫಾ ಮುಂಬಾಗಿಲಿಗೆ ಅಡ್ಡ ಬಂತು. ನಾನು ಶಾಸ್ತ್ರವನ್ನು ಬಿಡಲಿಲ್ಲ, ಬಾಗಿಲನ್ನು ಬಿಟ್ಟೆ. ಹಾಲಿನವನಿಂದ ಹಿಡಿದು ನನ್ನ ಅತ್ತಿಗೆಯವರೆಗೆ ಎಲ್ಲರೂ ಹಿತ್ತಲಿನಿಂದ ಸುತ್ತಿ ಬರಬೇಕಾಯಿತು.

"ಅಲ್ರಿ, ಹಾಡು ಕೇಳಾಕೆ ಮನೆ ಬಾಗ್ಲು ಮುಚ್ಚಬೇಕಾ?" ಶೈಲಾ ಕೇಳಿದಳು.

"ತ್ರಿಕೋನ ಶೈಲಾ, ತ್ರಿಕೋನ!"

ಆದರೆ ಹಾಡು ಶುರುವಾದ ಮೇಲೆ ಅವಳು ಚಹಾ ಲೋಟ ಹಿಡಿದು ಸೋಫಾದ ಮೇಲೆ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಮೊದಲು ತಂಬೂರಿ ಬಂತು. ಒಂದು ತಂತಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹರಡಿಕೊಳ್ಳುತ್ತ, ಹಾಲ್‌ನ ಗಾಳಿಗೇ ಬಣ್ಣ ಕಟ್ಟಿದಂತಾಯಿತು. ಆಮೇಲೆ ಗಾಯಕಿ ಷಡ್ಜ ಹಿಡಿದರು. ಹಿಡಿಯುವ ಮೊದಲು ಅವರು ಮೆಲ್ಲಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಇಷ್ಟು ವರ್ಷ ಅದೇ ಧ್ವನಿಮುದ್ರಣವನ್ನು ಕೇಳಿದ್ದೆವು. ಆ ಉಸಿರು ಒಮ್ಮೆಯೂ ನಮ್ಮ ಮನೆಗೆ ಬಂದಿರಲಿಲ್ಲ. ಶೈಲಾಳ ಚಹಾ ಲೋಟದಲ್ಲೇ ತಣ್ಣಗಾಯಿತು.

"ಇದನ್ನೇ ಇಟ್ಕೊಳ್ಳಣ ಬಿಡ್ರಿ," ಅಂದಳು ಕೊನೆಗೆ.

ಅಲ್ಲಿಗೆ ಮುಗಿಸಿದ್ದರೆ ನಾನು ಇಂದು ಮರ್ಯಾದಸ್ಥನಾಗಿ ಬಾಳುತ್ತಿದ್ದೆ. ಆದರೆ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. "ಅಮೃತಮಹಲ್ ಕೇಳದೆ ನಿರ್ಧಾರ ಮಾಡುವುದು ಅವೈಜ್ಞಾನಿಕ. ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಹಾಡಿನಲ್ಲಿ, ಕಣ್ಣಿಗೆ ಕಾಣದಂತೆ ಪರೀಕ್ಷಿಸಬೇಕು!" ಎಂದು ಘೋಷಿಸಿದೆ.

ಅಮೃತಮಹಲ್ ಇದ್ದದ್ದು ಸೊರಬದಲ್ಲಿ, ನನ್ನ ಶಾಲಾ ಗೆಳೆಯ ಗುರುಮೂರ್ತಿಯ ಮನೆಯಲ್ಲಿ. ಗುರುಮೂರ್ತಿಗೆ ಅಕ್ಕಿ ಗಿರಣಿ ಇದೆ. ಮನೆ ಮತ್ತು ಗಿರಣಿ ಒಂದೇ ಅಂಗಳದಲ್ಲಿ. ದಿನವಿಡೀ ಯಂತ್ರದ ಗದ್ದಲದಲ್ಲಿ ನಿಂತು, ಸಂಜೆ ಮೈಮೇಲಿನ ತೌಡು ಕೊಡವಿಕೊಂಡು, ಸ್ನಾನ ಮಾಡಿ, ಮಹಡಿಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರುವ ಮನುಷ್ಯ ಅವನು. ಆ ಕೋಣೆಯ ಗೋಡೆಗೆ ಗೋಣಿಯನ್ನು ಮಡಿಸಿ ಮಡಿಸಿ ತಾನೇ ಹೊದಿಕೆ ಹಾಕಿದ್ದಾನೆ, ಸದ್ದು ಗೋಡೆಗೆ ಬಡಿದು ಹಿಂತಿರುಗಬಾರದೆಂದು. ಗದ್ದಲದಲ್ಲಿ ಬದುಕಿಯೂ ಸೂಕ್ಷ್ಮವನ್ನು ಕಳೆದುಕೊಳ್ಳದ ಅವನನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಫೋನು ಮಾಡಿ, ನಾಮಕರಣದ ಸಮೇತ ಎಲ್ಲ ವಿವರಿಸಿದೆ.

"ನಾಳೆ ಬಾ ಮಾರಾಯ. ನಮ್ ಅಮೃತಮಹಲ್ ಮುಂದೆ ನಿನ್ ಗಿಡ್ಡ ನಿಲ್ಲುತ್ತಾ ನೋಡೇಬಿಡುವ," ಅಂದ. ಅವನ ದನಿಯಲ್ಲಿ ಆಗಲೇ ಗೆದ್ದ ಖುಷಿ ಇತ್ತು.

ಭಾನುವಾರ ಬೆಳಿಗ್ಗೆ ಹೊರಟೆವು. ಮಲೆನಾಡ ಗಿಡ್ಡಗಳನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿದೆ. ಸ್ಟ್ಯಾಂಡುಗಳಿಗೆ ಕಾರಿನಲ್ಲಿ ಜಾಗವಾಗಲಿಲ್ಲ, ಮನೆಯಲ್ಲೇ ಬಿಟ್ಟೆ. ಗುಂಡಿ ಬಂದಾಗಲೆಲ್ಲ ಗಾಡಿ ನಿಲ್ಲಿಸಿ, ಗುಂಡಿಯ ಸ್ವಭಾವವನ್ನು ಅರಿತು, ಆಮೇಲೆ ದಾಟಿದೆ. ಮೊದಲು ಒಂದು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿತು. ಅನಂತರ ಒಂದು ಸೈಕಲ್ಲು. ಬಳ್ಳಿಗಾವಿಗೆ ತಿರುಗುವ ದಾರಿಯ ಹತ್ತಿರ ಒಂದು ಕುರಿಮಂದೆ ನಮ್ಮನ್ನು ದಾಟಿ ಮುಂದೆ ಹೋಯಿತು. ಕುರಿಗಳು ಕಿಟಕಿಯೊಳಗೆ ಇಣುಕಿ ಹೋದವು.

ತಾಳಗುಂದದ ಕಡೆಯ ರಸ್ತೆಯಲ್ಲಿ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಕಾಳು ಹರಡುತ್ತಿದ್ದ ರೈತ ಹನುಮಂತಪ್ಪ ನನ್ನ ಹಳೆಯ ಪರಿಚಯದವನು, ಅಂದರೆ ಅವನ ಎಮ್ಮೆಗಳ ಮೂಲಕ. ಗಾಡಿಯ ಹತ್ತಿರ ಬಂದು ಹಿಂದಿನ ಸೀಟು ನೋಡಿದ.

"ಡಾಕ್ಟ್ರೇ, ಏನ್ರಿ ಅವು, ಬೆಲ್ಟ್ ಹಾಕಿ ಕುಂದ್ರಿಸೀರಿ?"

"ಸ್ಪೀಕರ್ ಹನುಮಂತಪ್ಪ, ಬಹಳ ದೊಡ್ಡ ದರ್ಜೇದು."

"ಹೌದಾ! ಎಲೆಕ್ಷನ್ ಬಂತೇನ್ರಿ? ಯಾವ ಪಾರ್ಟಿದು?"

ಶೈಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಗೇರು ಹಾಕಿದೆ.

ಸೊರಬ ಮುಟ್ಟಿದಾಗ ಗುರುಮೂರ್ತಿ ಗೇಟಿನಲ್ಲೇ ನಿಂತಿದ್ದ. ಅವನ ಹೆಂಡತಿ ವಿಶಾಲಾಕ್ಷಿ, "ಬನ್ನಿ ಡಾಕ್ಟ್ರೇ, ಬಾರೆ ಶೈಲಾ, ಇದೆಂತ ಇಷ್ಟು ತಡ? ರೊಟ್ಟಿ ಎಲ್ಲ ತಣ್ಣಗಾಯ್ತು," ಎಂದು ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರು. ಪರೀಕ್ಷೆಗೆ ಸಾಕ್ಷಿಯಾಗಲೆಂದು ಗುರುಮೂರ್ತಿ ತನ್ನ ಗೆಳೆಯ ವಕೀಲ ಈಶ್ವರಪ್ಪನವರನ್ನೂ ಕರೆಸಿದ್ದ. ಅವರಿಗೆ ಸಂಗೀತದ ಹುಚ್ಚು. ಹಾರ್ಮೋನಿಯಂ ನುಡಿಸುತ್ತಾರೆ. ಯಾರು ಏನು ಹೇಳಿದರೂ ಅದನ್ನು ಎರಡು ಸಲ ಒಪ್ಪುವುದು ಅವರ ಸೌಜನ್ಯ.

ಮೊದಲು ಮಹಡಿಯ ಕೋಣೆಯಲ್ಲಿ ಅಮೃತಮಹಲನ್ನು ಎಲ್ಲರೂ ಕೇಳಿದೆವು. ಸುಳ್ಳು ಯಾಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ಕಪ್ಪುಗೆಂಪು ಮರದ ಆ ಎರಡು ಕಂಬಗಳಿಂದ ತಬಲಾದ ಎಡಗೈಯ ದಪ್ಪ ವಾದ್ಯ ಬಾಯಾ ಒಮ್ಮೆ 'ಗುಂ' ಎಂದಾಗ ಕುಳಿತಿದ್ದ ಚಾಪೆ ನಡುಗಿತು. ಕೋಣೆ ದೊಡ್ಡದಾಯಿತು. ಸಭೆ ಕಂಡಿತು, ಸಭೆಯಲ್ಲಿ ಜನ ಕಂಡರು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದೂ ಕಂಡಿತು! ಗುರುಮೂರ್ತಿ ನನ್ನ ಮುಖವನ್ನೇ ನೋಡುತ್ತಿದ್ದ. ಮಗ ಹಾಡುವಾಗ ಅಪ್ಪ ಕೇಳುವವರ ಮುಖ ನೋಡುತ್ತಾನಲ್ಲ, ಹಾಗೆ.

"ಅದ್ಭುತ ಗುರು," ಅಂದೆ.

"ಹ್ಞಾ! ಈಗ ತಗಿ ನಿನ್ನ ಗಿಡ್ಡ," ಅಂದ.

ಪರೀಕ್ಷೆಯ ವ್ಯವಸ್ಥೆಯನ್ನು ಸಂಪೂರ್ಣವಾಗಿ ನಾನೇ ವಹಿಸಿಕೊಂಡೆ. ಗುರುಮೂರ್ತಿ ಸಹಾಯಕ್ಕೆ ಬಂದರೆ, "ನೀನು ಒಂದು ಪಕ್ಷದವನು, ದೂರ ನಿಲ್ಲು," ಅಂದೆ. ಸ್ಟ್ಯಾಂಡಿನ ಬದಲು ಅಕ್ಕಿಮೂಟೆಗಳನ್ನು ಪೇರಿಸಿ ಅದರ ಮೇಲೆ ಮಲೆನಾಡ ಗಿಡ್ಡಗಳನ್ನು ಕೂರಿಸಿದೆ, ಅಮೃತಮಹಲ್‌ಗಳಿಗೆ ಒತ್ತಾಗಿ. ನಾಲ್ಕೂ ಕಾಣದಂತೆ ವಿಶಾಲಾಕ್ಷಿಯವರ ನವಿಲಿನ ಚಿತ್ರದ ಬೆಡ್‌ಶೀಟನ್ನು ಹಗ್ಗಕ್ಕೆ ಇಳಿಬಿಟ್ಟೆ. ಗುರುಮೂರ್ತಿಯ ಆಂಪ್ಲಿಫೈಯರಿನಲ್ಲಿ ಒಂದು ಗುಂಡಿ ಇತ್ತು. ಅದನ್ನು 'ಎ' ಕಡೆ ತಿರುಗಿಸಿದರೆ ಒಂದು ಜೋಡಿ ಹಾಡುತ್ತದೆ, 'ಬಿ' ಕಡೆ ತಿರುಗಿಸಿದರೆ ಇನ್ನೊಂದು ಜೋಡಿ. 'ಎ' ಕಡೆಗೆ ಅಮೃತಮಹಲ್ ಮೊದಲೇ ಜೋಡಿಸಿತ್ತು. ನಾನು 'ಬಿ'ಯಿಂದ ಹೊಸ ವೈರುಗಳನ್ನು ಎಳೆದುಕೊಂಡು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಬೆಡ್‌ಶೀಟಿನ ಹಿಂದೆ ತೆವಳಿ ಹೋದೆ. ಸ್ಪೀಕರಿನ ಬೆನ್ನಿನಲ್ಲಿ ಹಿತ್ತಾಳೆಯ ತಿರುಪುಗಳಿರುತ್ತವೆ, ವೈರನ್ನು ಅದಕ್ಕೆ ಬಿಗಿಯಬೇಕು. ಕತ್ತಲೆಯಲ್ಲಿ ಕೈಯಾಡಿಸಿ ಖಾಲಿ ತಿರುಪು ಹುಡುಕಿ ಬಿಗಿದೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಕತ್ತಲೆಯಲ್ಲಿ ಕೈಯಾಡಿಸಿ ಕೆಲಸ ಮಾಡುವುದು ಪಶುವೈದ್ಯನಿಗೆ ಹೊಸದಲ್ಲ.

ಹೊರಗೆ ಬಂದು ಧೂಳು ಕೊಡವಿಕೊಂಡೆ. ಗುಂಡಿ ತಿರುಗಿಸುವ ಹೊಣೆ ಶೈಲಾಳಿಗೆ. ಅವಳು ತನಗೆ ಬೇಕಾದ ಕಡೆ ತಿರುಗಿಸಿ 'ಒಂದು' ಎಂದೋ 'ಎರಡು' ಎಂದೋ ಹೇಳಬೇಕು. ಯಾವುದು ಯಾವ ಜೋಡಿ ಎಂದು ಹೇಳಕೂಡದು. ನಾವು ಮೂವರು ಗಂಡಸರು ಕಣ್ಣು ಮುಚ್ಚಿ ಕುಳಿತೆವು. ಯಮನ್ ರಾಗ ಶುರುವಾಯಿತು.

"ಒಂದು," ಅಂದಳು ಶೈಲಾ.

ಆಹಾ! ನಾನು ತಲೆದೂಗಿದೆ. ಗಾಯಕಿಯ ಕೊರಳಿನಲ್ಲಿ ಎಳನೀರು ಹರಿಯುತ್ತಿತ್ತು.

"ಎರಡು," ಅಂದಳು.

ನಾನು ಹುಬ್ಬು ಗಂಟಿಕ್ಕಿದೆ. ಮತ್ತೆ ಒಂದು, ಮತ್ತೆ ಎರಡು. ನಾನು ಕೈ ಎತ್ತಿ ಹಾಡು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ತೀರ್ಪು ಆರಂಭಿಸಿದೆ.

"ಒಂದನೆಯದು ಆರೋಗ್ಯವಂತ ಜೋಡಿ. ಉಸಿರಾಟ ಸರಾಗ, ಲವಲವಿಕೆ ಇದೆ. ಎರಡನೆಯದರಲ್ಲಿ ಸ್ವರಕ್ಕೆ ಸ್ವಲ್ಪ ಶೀತವಾಗಿದೆ. ಮತ್ತು ತಬಲಾಕ್ಕೆ... ಹೇಗೆ ಹೇಳಲಿ... ಲಘುವಾಗಿ ಹೊಟ್ಟೆ ಉಬ್ಬರ."

"ಉಬ್ಬರ ಹೌದು. ಸ್ಪಷ್ಟ ಉಬ್ಬರ," ಅಂದರು ಈಶ್ವರಪ್ಪನವರು.

ಗುರುಮೂರ್ತಿ ಬೆವರು ಒರೆಸಿಕೊಂಡ. ಆ ಉಬ್ಬರ ಎಲ್ಲಿ ತನ್ನ ಅಮೃತಮಹಲಿನದೋ ಎಂಬ ಚಿಂತೆ ಅವನಿಗೆ.

"ರೀ," ಶೈಲಾ ಮೆಲ್ಲಗೆ ಅಂದಳು, "ನಂಗೆ ಎರಡೂ ಒಂದೇ ಥರ ಕೇಳಿಸ್ತು."

ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ನೆನೆದರೆ ಇಂದಿಗೂ ನನಗೆ ಮೈಯುರಿಯುತ್ತದೆ. "ಶೈಲಾ, ಕಿವಿ ಎಲ್ಲರಿಗೂ ಇರುತ್ತದೆ. ಅದನ್ನು ಪಳಗಿಸಬೇಕು. ಈ ಎರಡರ ನಡುವೆ ಇರುವ ಅಂತರ ಭೂಮಿಗೂ ಆಕಾಶಕ್ಕೂ ಇರುವ ಅಂತರ. ಹೇಳು, ಒಂದು ಯಾವುದು?"

"'ಬಿ' ಕಡೆದು."

"ಅಂದರೆ ಮಲೆನಾಡ ಗಿಡ್ಡ! ಗಿಡ್ಡ ಗೆದ್ದಿತು!" ಎಂದು ಎದ್ದು ನಿಂತೆ. ಗುರುಮೂರ್ತಿಯ ಮುಖ ಬಾಡಿತು. ಆದರೂ ದೊಡ್ಡ ಮನುಷ್ಯ, ನನ್ನ ಕೈ ಕುಲುಕಿದ. "ನಿನ್ನ ಕಿವಿ ಕಿವಿ ಮಾರಾಯ," ಅಂದ.

ಗೆದ್ದವರನ್ನು ಎಲ್ಲರೂ ಕಣ್ಣಾರೆ ಕಾಣಲೆಂದು ಬೆಡ್‌ಶೀಟನ್ನು ಸರಸರ ಸರಿಸಿದೆ. "ಈಗ 'ಬಿ' ಹಾಕು," ಎಂದು ಶೈಲಾಳಿಗೆ ಆಜ್ಞಾಪಿಸಿ, ಅಕ್ಕಿಮೂಟೆಯ ಪಕ್ಕದಲ್ಲಿ ಮಂಡಿಯೂರಿ, ಗಿಡ್ಡದ ಎದೆಗೆ ಕಿವಿ ಹಚ್ಚಿದೆ. ಕೋಣೆಯ ತುಂಬ ಯಮನ್. ಗಿಡ್ಡದ ಎದೆಯಲ್ಲಿ ಮಾತ್ರ ಸದ್ದೇ ಇಲ್ಲ!

"ನೋಡಿ," ಅಂದೆ ಭಾವುಕನಾಗಿ, "ಎಂಥ ಸೂಕ್ಷ್ಮ! ಸ್ವರ ಎಲ್ಲಿಂದ ಹೊರಡುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಹತ್ತಿರ ಬಂದರೆ ಪೂರ್ಣ ಮೌನ!"

"ಅದೇ ಶ್ರೇಷ್ಠತೆಯ ಲಕ್ಷಣ. ಅದೇ ಲಕ್ಷಣ," ಅಂದರು ಈಶ್ವರಪ್ಪನವರು.

ಅಷ್ಟರಲ್ಲಿ ವಿಶಾಲಾಕ್ಷಿ ಕಾಫಿ ತಂದರು. ತಟ್ಟೆ ಹಿಡಿದುಕೊಂಡೇ ಮೂಟೆಯ ಹಿಂದೆ ಬಗ್ಗಿ ನೋಡಿದರು.

"ಡಾಕ್ಟ್ರೇ, ಈ ಸಣ್ಣ ಪೆಟ್ಟಿಗೆಗೆ ವೈರೇ ಇಲ್ಲವಲ್ಲ? ಇದು ವೈರ್ ಇಲ್ದೆ ಹಾಡುವಂಥದ್ದಾ?"

ಯಮನ್ ಮುಂದುವರಿಯಿತು. ನಾವು ಯಾರೂ ಮುಂದುವರಿಯಲಿಲ್ಲ.

ನಡೆದದ್ದು ಇಷ್ಟು. ಅಮೃತಮಹಲಿನಂಥ ದೊಡ್ಡ ಸ್ಪೀಕರುಗಳ ಬೆನ್ನಿಗೆ ಒಂದರ ಬದಲು ಎರಡು ಜೊತೆ ತಿರುಪು ಕೊಟ್ಟಿರುತ್ತಾರೆ. ಕತ್ತಲೆಯಲ್ಲಿ ನನ್ನ ಕೈಗೆ ಸಿಕ್ಕ ಖಾಲಿ ತಿರುಪುಗಳು ಅವೇ! 'ಎ' ಹಾಕಿದರೂ ಅಮೃತಮಹಲ್, 'ಬಿ' ಹಾಕಿದರೂ ಅಮೃತಮಹಲ್. ಎಡಗಡೆ ಏನು ತಪ್ಪು ಮಾಡಿದ್ದೆನೋ ಬಲಗಡೆಯೂ ಅದನ್ನೇ, ಅಷ್ಟೇ ಬಿಗಿಯಾಗಿ ಮಾಡಿದ್ದೆ. ಸ್ಟೀರಿಯೋದಲ್ಲಿ ಸಮತೋಲನ ಮುಖ್ಯ. ಒಟ್ಟಿನಲ್ಲಿ ನಾನು ಒಂದು ಜೋಡಿಯನ್ನು ಅದೇ ಜೋಡಿಯೊಂದಿಗೆ ಹೋಲಿಸಿ, ಭೂಮಿಗೂ ಆಕಾಶಕ್ಕೂ ಇರುವ ಅಂತರವನ್ನು ಕಂಡುಹಿಡಿದಿದ್ದೆ! ಒಂದೇ ಹಸುವಿಗೆ ಎಡಗಡೆಯಿಂದ ನೋಡಿ ಆರೋಗ್ಯ ಪ್ರಮಾಣಪತ್ರ, ಬಲಗಡೆಯಿಂದ ನೋಡಿ ಹೊಟ್ಟೆ ಉಬ್ಬರದ ಔಷಧ ಬರೆದುಕೊಟ್ಟಂತೆ.

ಗುರುಮೂರ್ತಿ ನಗಬಾರದೆಂದು ಬಹಳ ಪ್ರಯತ್ನಪಟ್ಟ. ತುಟಿ ಕಚ್ಚಿದ. ಕೆಮ್ಮಿದ. ಕಿಟಕಿಯ ಕಡೆ ತಿರುಗಿದ. ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಪಕ್ಕದ ಅಕ್ಕಿಮೂಟೆಗೆ ಒರಗಿಬಿಟ್ಟ. ಅವನು ನಕ್ಕಂತೆ ಮೂಟೆ ನಕ್ಕಿತು. ಮೂಟೆ ನಕ್ಕಂತೆ ಅದರ ಮೇಲಿದ್ದ ಮಲೆನಾಡ ಗಿಡ್ಡ ಕುಣಿಯಿತು, ಅಂಚಿಗೆ ಬಂತು, ವಾಲಿತು.

"ರೀ!" ಶೈಲಾ ಕಿರುಚಿದಳು.

ಶಿವಮೊಗ್ಗದ ಅಂಗಡಿಯವರ ನಂಬಿಕೆಯ ಮುಖ ಕಣ್ಣೆದುರು ಬಂತು. ಮಂಡಿನೋವು ಮರೆತು ಅಡ್ಡಬಿದ್ದೆ. ಗಿಡ್ಡ ಉರುಳಿ ನೇರವಾಗಿ ನನ್ನ ಹೊಟ್ಟೆಯ ಮೇಲೆ ಬಂತು, ಎರಡೂ ಕೈ ಅದನ್ನು ತಬ್ಬಿಕೊಂಡವು. ಎಷ್ಟೋ ಕರುಗಳನ್ನು ನೆಲಕ್ಕೆ ಬೀಳದಂತೆ ಹಿಡಿದ ಕೈಗಳವು. ಗಿಡ್ಡಕ್ಕೆ ಒಂದು ಗೀರೂ ಆಗಲಿಲ್ಲ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಚಾಪೆಯ ಮೇಲೆ ಅಂಗಾತ ಮಲಗಿ, ಸ್ಪೀಕರನ್ನು ಅಪ್ಪಿಕೊಂಡು, ನಾನು ಛಾವಣಿಯನ್ನು ನೋಡುತ್ತಿದ್ದೆ. ಏಳುವ ಮನಸ್ಸೇ ಆಗಲಿಲ್ಲ. ಕೆಳಗಿನಿಂದ ಬತ್ತದ ಲಾರಿ ಬಂದಿದೆ ಎಂದು ಯಾರೋ ಕೂಗಿದರು. ಗುರುಮೂರ್ತಿ ಕಣ್ಣೊರೆಸಿಕೊಳ್ಳುತ್ತ ಈಶ್ವರಪ್ಪನವರೊಂದಿಗೆ ಅಂಗಳಕ್ಕಿಳಿದ. ಇಬ್ಬರ ನಗೆ ಮೆಟ್ಟಿಲುದ್ದಕ್ಕೂ ಕೇಳಿಸಿತು. ಇದಕ್ಕೆ ಪಳಗಿದ ಕಿವಿ ಬೇಕಿರಲಿಲ್ಲ.

"ಏಳ್ರಿ," ಶೈಲಾ ನನ್ನ ಎದೆಯ ಮೇಲಿಂದ ಗಿಡ್ಡವನ್ನು ಎತ್ತಿಕೊಂಡಳು. ನಗಲಿಲ್ಲ. ಆಡಿಕೊಳ್ಳಲೂ ಇಲ್ಲ. ವೈರುಗಳನ್ನು ದೊಡ್ಡದರಿಂದ ಬಿಚ್ಚಿ ಚಿಕ್ಕದಕ್ಕೆ ತಾನೇ ಬಿಗಿದಳು, ಲೈಟು ಹಾಕಿಕೊಂಡು! ಲೈಟು ಹಾಕಿಕೊಳ್ಳಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವಳು ಒಂದು ಮಾತು ಹೇಳಿದಳು. "ರೀ, ಆ ಗಾಯಕಿಯನ್ನ ನಾವು ಎದುರು ಕುಂತು ಯಾವತ್ತೂ ಕೇಳಿಲ್ಲ. ಅವರ ನಿಜವಾದ ದನಿ ಹೆಂಗಿತ್ತೋ ಯಾರಿಗೆ ಗೊತ್ತು? ಯಾವ ಸ್ಪೀಕರ್ ನಿಜ ಹೇಳ್ತದೆ ಅಂತ ಹೆಂಗೆ ತಿಳೀಬೇಕು? ನಮಗೆ ಗೊತ್ತಿರೋ ದನಿ ಹಾಕಿ ನೋಡಣ."

ನಾನು ಬೆರಗಾಗಿ ಅವಳನ್ನು ನೋಡಿದೆ. ತಿಂಗಳುಗಟ್ಟಲೆ ಓದಿದ ನನಗೆ ಇದು ಯಾಕೆ ತಟ್ಟಲಿಲ್ಲ? ವರ್ಷಗಳಿಂದ ಹಾಜರಿ ಕೂಗುವವಳು ಅವಳು. ತಲೆ ಎತ್ತದೆಯೇ, ಗೆಳತಿಯ ಪರವಾಗಿ ಯಾವ ಹುಡುಗಿ 'ಎಸ್ ಮೇಡಂ' ಅಂದಳು ಎಂದು ದನಿಯಲ್ಲೇ ಹಿಡಿಯುತ್ತಾಳೆ. ಇಂಥ ಕಿವಿಯನ್ನು ಪಕ್ಕದಲ್ಲಿಟ್ಟುಕೊಂಡು ನಾನು ಕಿವಿ ಪಳಗಿಸುವ ಬಗ್ಗೆ ಭಾಷಣ ಮಾಡಿದ್ದೆ!

ಅವಳು ಮೊಬೈಲ್ ತೆಗೆದು, ರೆಕಾರ್ಡಿಂಗ್ ಹಾಕಿ, ವಿಶಾಲಾಕ್ಷಿಯವರ ಮುಂದೆ ಹಿಡಿದಳು. "ಅಕ್ಕಾ, ಅಣ್ಣಾರನ್ನ ದಿನಾ ಊಟಕ್ಕೆ ಹೆಂಗೆ ಕರೀತೀರಿ, ಹಂಗೇ ಒಂದ್ಸಲ ಕರೀರಿ."

"ಅಯ್ಯ, ನಂದೆಂತಕ್ಕೆ!" ಎಂದು ನಾಚಿದ ವಿಶಾಲಾಕ್ಷಿ, ಆಮೇಲೆ ನಾಚಿಕೆ ಬಿಟ್ಟು ಕರೆದರು. ಶೈಲಾ ಅದನ್ನು ಮೊದಲು ಅಮೃತಮಹಲಿನಲ್ಲಿ ಹಾಕಿದಳು. ಅಲ್ಲಿಯತನಕ ಮುಚ್ಚಿದ್ದ ಕಿಟಕಿಯನ್ನು ಈಗ ತೆರೆದಿಟ್ಟಿದ್ದಳು.

"ರೀ... ಊಟಕ್ಕೆ ಬನ್ರೀ... ಎಷ್ಟು ಸಲ ಕರೀಬೇಕು!"

ಅದ್ಭುತವಾಗಿತ್ತು. ಬಾನಿನಿಂದ ಯಾವುದೋ ದೇವತೆ ಸಮಸ್ತ ಲೋಕವನ್ನು ಊಟಕ್ಕೆ ಕರೆದಂತಿತ್ತು. ವಿಶಾಲಾಕ್ಷಿ ಕೆನ್ನೆಗೆ ಕೈ ಇಟ್ಟುಕೊಂಡು, "ಅಮ್ಮಾ, ನಾನು ಇಷ್ಟು ದೊಡ್ಡ ಹೆಂಗಸಾ!" ಅಂದರು. ಅಂಗಳದಲ್ಲಿ ಗುರುಮೂರ್ತಿ ತಲೆ ಎತ್ತದೆ ಲಾರಿಯವನೊಡನೆ ಮಾತಾಡುತ್ತಲೇ ಇದ್ದ.

ಶೈಲಾ ಗುಂಡಿಯನ್ನು 'ಬಿ'ಗೆ ತಿರುಗಿಸಿದಳು.

"ರೀ... ಊಟಕ್ಕೆ ಬನ್ರೀ... ಎಷ್ಟು ಸಲ ಕರೀಬೇಕು!"

"ಬಂದೆ ಬಂದೆ!" ಎಂದು ಅಂಗಳದಿಂದ ಗುರುಮೂರ್ತಿ ಕೂಗಿದ. ಲಾರಿಯವನ ಮಾತನ್ನು ಅರ್ಧಕ್ಕೆ ತುಂಡರಿಸಿ, ಚಪ್ಪಲಿ ಬಿಟ್ಟು, ಒಳಗೆ ಓಡಿದ. ಕೆಳಗೆ ನಲ್ಲಿ ಬಿಟ್ಟು ಕೈ ತೊಳೆದ ಸದ್ದು, ಮಣೆ ಎಳೆದ ಸದ್ದು. ನಂತರ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಕರೆದೆಯಲ್ಲೇ? ಎಲ್ಲಿ, ತಟ್ಟೆಯೇ ಹಾಕಿಲ್ಲ!"

ವಿಶಾಲಾಕ್ಷಿ ನಗುತ್ತ ನೆಲಕ್ಕೇ ಕುಳಿತರು. ಹಿಂದೆಯೇ ಬಂದ ಈಶ್ವರಪ್ಪನವರೂ ತಾವು ಕಿವಿಯಾರೆ ಕೇಳಿದ್ದಾಗಿ ಸಾಕ್ಷಿ ನುಡಿದರು, ಎರಡು ಸಲ.

"ಇದು ವೈಜ್ಞಾನಿಕವಾಗಿ..." ಎಂದು ನಾನು ಶುರುಮಾಡಿದೆ.

"ಗಂಡ ಎದ್ದು ಬಂದ್ನಲ್ರಿ," ಅಂದಳು ಶೈಲಾ. "ಇನ್ನೇನು ಬೇಕು?"

ವಿಜ್ಞಾನ ಬಾಯಿ ಮುಚ್ಚಿತು.

ಮಧ್ಯಾಹ್ನದ ಊಟವಾದ ಮೇಲೆ ಬೆಡ್‌ಶೀಟೂ ಇಲ್ಲದೆ, ತೀರ್ಪೂ ಇಲ್ಲದೆ, ಐದೂ ಜನ ಸುಮ್ಮನೆ ಕುಳಿತು ಎರಡರಲ್ಲೂ ಹಾಡು ಕೇಳಿದೆವು. ಈ ಸಲ ವೈರು ನಿಜಕ್ಕೂ ಇತ್ತು, ವ್ಯತ್ಯಾಸವೂ ನಿಜಕ್ಕೂ ಇತ್ತು. ಗಿಡ್ಡದಲ್ಲಿ ಗಾಯಕಿ ನಮ್ಮ ಪಕ್ಕದ ಚಾಪೆಯಲ್ಲಿ ಕುಳಿತು, ನಮಗಾಗಿಯೇ ಹಾಡಿದಂತಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಕೊನೆಯಲ್ಲಿ ದನಿ ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಮುಗಿಯಿತೋ ಇದೆಯೋ ತಿಳಿಯದೆ ನಾವು ಉಸಿರು ಹಿಡಿದೆವು. ಅಮೃತಮಹಲಿನಲ್ಲಿ ಅದೇ ಗಾಯಕಿ ಎದ್ದು ದೊಡ್ಡ ವೇದಿಕೆಗೆ ಹೋದರು. ನಾವು ಸಾವಿರ ಜನರ ನಡುವೆ ಕುಳಿತ ಐದು ಜನರಾದೆವು. ಮನುಷ್ಯರು ಮರದ ಪೆಟ್ಟಿಗೆ ಮಾಡಿ, ಅದರೊಳಗೆ ಕಾಗದದಂಥ ಒಂದು ತೆಳು ತಟ್ಟೆ ಇಟ್ಟು, ಇದನ್ನೆಲ್ಲ ಸಾಧಿಸಿದ್ದಾರಲ್ಲ! ಮಾಡಿದ ಆ ಕೈಗಳಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.  ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಹಾಡು ಮುಗಿದ ಮೇಲೆ ಗುರುಮೂರ್ತಿ ಬಹಳ ಹೊತ್ತು ಗಿಡ್ಡಗಳನ್ನೇ ನೋಡಿದ.

"ನಿನ್ ಗಿಡ್ಡ ಚಿನ್ನ ಮಾರಾಯ. ನಿಜ ಒಪ್ಪಿಕೊಳ್ಳಬೇಕು. ಆದ್ರೆ ನಂಗೆ ನನ್ ಅಮೃತಮಹಲೇ ಸೈ. ದಿನವಿಡೀ ಆ ಗಿರಣಿ ಸದ್ದು ತಲೆ ತುಂಬಾ ಇರ್ತದಲ್ಲ, ಅದನ್ನ ಹೊರಗೆ ದಬ್ಬುಕೆ ದೊಡ್ಡ ಸಂಗೀತವೇ ಬೇಕು."

ಎಷ್ಟು ಸರಿಯಾದ ಮಾತು! ಎರಡರಲ್ಲಿ ಯಾವುದು ಉತ್ತಮ ಎಂದು ನಾನು ತಿಂಗಳುಗಟ್ಟಲೆ ಗುದ್ದಾಡಿದ್ದೆ. ಯಾರಿಗೆ ಯಾವುದು ಎಂದು ಕೇಳಿದ್ದರೆ ಎಂದೋ ಮುಗಿಯುತ್ತಿತ್ತು.

ಸೋಮವಾರ ಶಿವಮೊಗ್ಗಕ್ಕೆ ಹೋಗಿ ಗಿಡ್ಡಗಳನ್ನು ಕೊಂಡೇಬಿಟ್ಟೆವು. ಅಂಗಡಿಯವರು, "ಹೋಲಿಸಿ ನೋಡಿದ್ರಾ ಸಾರ್?" ಎಂದು ಆಸಕ್ತಿಯಿಂದ ಕೇಳಿದರು. ನಾನು ಕೆಮ್ಮಿದೆ. "ಬಹಳ ಆಳವಾಗಿ ಹೋಲಿಸಿದ್ರು," ಅಂದಳು ಶೈಲಾ. ಈಗ ನಮ್ಮ ಸಂಜೆಗಳು ಮರಳಿ ಬಂದಿವೆ. ಸೋಫಾ ಗೋಡೆಗೆ ಒರಗಿದೆ, ತ್ರಿಕೋನ ಸೊಟ್ಟಗಿದೆ, ಮುಂಬಾಗಿಲು ತೆರೆದಿದೆ, ಸಂಗೀತ ಸೊಗಸಾಗಿದೆ.

ಮೊನ್ನೆ ವಕೀಲ ಈಶ್ವರಪ್ಪನವರ ಫೋನು ಬಂತು.

"ಡಾಕ್ಟ್ರೇ, ಆವತ್ತಿಂದ ನನಗೂ ಹುಚ್ಚು ಹಿಡಿದಿದೆ. ಎರಡು ಜೋಡಿ ಮನೆಗೆ ತರಿಸ್ತಾ ಇದ್ದೀನಿ, ಹೋಲಿಸಿ ನೋಡಬೇಕು. ಬರುವ ಭಾನುವಾರ ಸೊರಬಕ್ಕೆ ಬರ್ತೀರಾ?"

ನನ್ನ ಎದೆ ಉಬ್ಬಿತು. ನಡೆದದ್ದನ್ನೆಲ್ಲ ಮರೆತು ನನ್ನ ಅನುಭವಕ್ಕೆ ಬೆಲೆ ಕೊಟ್ಟರಲ್ಲ! "ಖಂಡಿತ ಬರ್ತೀನಿ ಸಾರ್. ಟಾರ್ಚ್ ನಾನೇ ತರ್ತೀನಿ," ಅಂದೆ.

ಆ ಕಡೆಯಿಂದ ಅವಸರದ ದನಿ ಬಂತು.

"ಹಾಗಲ್ಲ ಡಾಕ್ಟ್ರೇ... ಮೇಡಂ ಬಂದ್ರೆ ಸಾಕು. ಮೇಡಂ ಬಂದ್ರೆ ಸಾಕು. ಅವರಿಗೆ ಗಾಡಿ ಓಡಿಸೋಕೆ ಬರಲ್ಲ ಅಂತ ಗುರುಮೂರ್ತಿ ಹೇಳಿದ, ಅದಕ್ಕೆ ನಿಮ್ಮನ್ನ ಕೇಳಿದೆ."

ಹೀಗಾಗಿ ಭಾನುವಾರ ಸೊರಬಕ್ಕೆ ಹೋಗುತ್ತಿದ್ದೇವೆ. ಶೈಲಾ ತೀರ್ಪುಗಾರ್ತಿಯಾಗಿ, ನಾನು ಡ್ರೈವರಾಗಿ. ಒಳಗೆ ಕೂರಲು ನನಗೂ ಒಂದು ಕುರ್ಚಿ ಹಾಕುತ್ತಾರಂತೆ, ಆಂಪ್ಲಿಫೈಯರಿನಿಂದ ಸಾಕಷ್ಟು ದೂರದಲ್ಲಿ!